ಮುಂಬೈಯಲ್ಲಿ ಡ್ರ್ಯಾಗನ್‌ಫ್ಲೈ, ಪತಂಗ ನೋಡುವುದು ಹೇಗೆ? ಮೊದಲು ನಾಲಾ, ಆಮೇಲೆ ಕಾಡು

ಬೊರಿವಲಿ ನ್ಯಾಷನಲ್ ಪಾರ್ಕ್‌ಗೆ ಹೋಗಿ ಬಂದವರನ್ನು ಏನು ನೋಡಿದಿರಿ ಅಂತ ಕೇಳಿ. ಕೋತಿ, ಜಿಂಕೆ, ಕನ್ಹೇರಿ ಗುಹೆ ನೋಡಿದೆವು, ಚಿರತೆ ಮಾತ್ರ ಸಿಗಲಿಲ್ಲ ಅನ್ನುತ್ತಾರೆ. ಮಳೆಗಾಲ ಮುಗಿಯುವ ಹೊತ್ತಿಗೆ ಹೋಗಿದ್ದರೆ ಅದೇ ದಾರಿಯಲ್ಲಿ ಅವರ ತಲೆ ಮೇಲೆ ಡ್ರ್ಯಾಗನ್‌ಫ್ಲೈಗಳ ದಂಡೇ ಹಾರಾಡಿರುತ್ತದೆ. ಲೈಟ್ ಕಂಬದ ಪಕ್ಕದ ಗೋಡೆಯಲ್ಲಿ ರಾತ್ರಿ ಬಂದ ಪತಂಗ ಬೆಳಿಗ್ಗೆಯೂ ಕೂತೇ ಇರುತ್ತದೆ. ಯಾರೂ ನೋಡಿರುವುದಿಲ್ಲ.

ನೋಡಬೇಕು ಅನ್ನಿಸಿದವರಿಗೆ ಈ ಬರಹ. ಊರಿನ ಗದ್ದೆ ಬದುವಿನಲ್ಲಿ ಏರೋಪ್ಲೇನ್ ಚಿಟ್ಟೆ, ಅಂದರೆ ಇದೇ ಡ್ರ್ಯಾಗನ್‌ಫ್ಲೈ, ಹಿಡಿದು ಬಾಲಕ್ಕೆ ದಾರ ಕಟ್ಟಿ ಹಾರಿಸಿದವರು ಮುಂಬೈ ಕನ್ನಡಿಗರಲ್ಲಿ ಬೇಕಾದಷ್ಟು ಜನ ಇದ್ದೀರಿ. ಆ ಪಾಪ ಕಳೆದುಕೊಳ್ಳಲು ಇದು ಒಳ್ಳೆ ದಾರಿ ಅಂದುಕೊಳ್ಳಿ.

ಒಂದು ಮಾತು ಮೊದಲೇ ಹೇಳುತ್ತೇನೆ. ಇದಕ್ಕೆ ದುಬಾರಿ ಕ್ಯಾಮೆರಾ ಬೇಡ, ದೂರದ ಕಾಡೂ ಬೇಡ. ಹೆಸರು ಬಾಯಿಪಾಠ ಮಾಡಿಕೊಂಡು ಹೊರಡುವುದಂತೂ ಬೇಡವೇ ಬೇಡ. ಹೊಸಬರು ಮಾಡುವುದೇನೆಂದರೆ ಬಣ್ಣ ನೋಡಿ ಓಡಿ ಹೋಗಿ ಹೆಸರು ಹುಡುಕುತ್ತಾರೆ. ಈ ಕೀಟಗಳಲ್ಲಿ ಬಣ್ಣದಷ್ಟು ಮೋಸ ಮಾಡುವುದು ಬೇರೆ ಇಲ್ಲ. ಗಂಡಿಗೊಂದು ಬಣ್ಣ, ಹೆಣ್ಣಿಗೊಂದು, ಮೊನ್ನೆ ತಾನೇ ನೀರಿಂದ ಹೊರಬಂದ ಮರಿ ಗಂಡಿಗೆ ಹೆಣ್ಣಿನ ಬಣ್ಣ. ಹಾಗಾಗಿ ಹೇಗೆ ಕೂರುತ್ತದೆ, ಎಲ್ಲಿ ಕೂರುತ್ತದೆ, ಯಾವ ಹೊತ್ತಿಗೆ ಬರುತ್ತದೆ ಅನ್ನುವುದನ್ನು ಮೊದಲು ನೋಡಿ. ಬಣ್ಣ ಆಮೇಲೆ.

ಹೆಜ್ಜೆ 1: ಯಾವುದು ಯಾವುದು ಅಂತ ಬೇರೆ ಮಾಡಿ

ಡ್ರ್ಯಾಗನ್‌ಫ್ಲೈ ಕೂತಾಗ ನಾಲ್ಕೂ ರೆಕ್ಕೆಗಳನ್ನು ಅಗಲಕ್ಕೆ ಹರಡಿಕೊಳ್ಳುತ್ತದೆ. ಅದರ ಬಳಗದ್ದೇ ಆದ ಸಪೂರ ಕೀಟ ಡ್ಯಾಮ್ಸೆಲ್‌ಫ್ಲೈ ರೆಕ್ಕೆಗಳನ್ನು ಮಡಚಿ ಬೆನ್ನಿನ ಮೇಲೆ ಸೇರಿಸಿಕೊಳ್ಳುತ್ತದೆ. ಇದು ನೂರಕ್ಕೆ ತೊಂಬತ್ತು ಸಲ ಕೆಲಸ ಮಾಡುವ ಗುರುತು. ಉಳಿದ ಹತ್ತು ಸಲಕ್ಕೆ ಕಣ್ಣು ನೋಡಿ. ಡ್ಯಾಮ್ಸೆಲ್‌ಫ್ಲೈಗೆ ಕಣ್ಣುಗಳು ತಲೆಯ ಎರಡು ತುದಿಗಳಲ್ಲಿ ದೂರ ದೂರ ಇರುತ್ತವೆ. ಡ್ರ್ಯಾಗನ್‌ಫ್ಲೈಗಳಲ್ಲಿ ಹೆಚ್ಚಿನವಕ್ಕೆ ಕಣ್ಣುಗಳು ದೊಡ್ಡವು, ನೆತ್ತಿಯಲ್ಲಿ ಒಂದಕ್ಕೊಂದು ತಾಗಿರುತ್ತವೆ. ಹಿಂದಿನ ರೆಕ್ಕೆ ಬುಡದಲ್ಲಿ ಅಗಲ. ಡ್ಯಾಮ್ಸೆಲ್‌ಫ್ಲೈಯದು ನಾಲ್ಕೂ ರೆಕ್ಕೆ ಹೆಚ್ಚುಕಡಿಮೆ ಒಂದೇ ಆಕಾರ, ಮೈ ಸಪೂರ, ಹಾರಾಟವೂ ನಿಧಾನ. ಇಲ್ಲಿನ ಮರಾಠಿ ಗೆಳೆಯರು ಮೊದಲನೆಯದಕ್ಕೆ ಚತುರ, ಎರಡನೆಯದಕ್ಕೆ ಟಾಚಣಿ ಅನ್ನುತ್ತಾರೆ. ಪಾರ್ಕಿನ ಗೈಡ್ ಜೊತೆ ಮಾತಾಡುವಾಗ ಈ ಎರಡು ಪದ ಗೊತ್ತಿದ್ದರೆ ಅನುಕೂಲ.

ಪತಂಗಕ್ಕೂ ಚಿಟ್ಟೆಗೂ ವ್ಯತ್ಯಾಸ ಮೀಸೆಯಲ್ಲಿದೆ. ಚಿಟ್ಟೆಯ ಮೀಸೆ ತುದಿಯಲ್ಲಿ ದಪ್ಪ. ಪತಂಗದ್ದು ತುದಿಗೆ ಹೋದಂತೆ ಚೂಪು, ಇಲ್ಲವೇ ಗರಿಗರಿಯಾಗಿ ಕವಲೊಡೆದಿರುತ್ತದೆ. ರಾತ್ರಿ ಹಾರುವುದೆಲ್ಲ ಪತಂಗ, ಹಗಲು ಹಾರುವುದೆಲ್ಲ ಚಿಟ್ಟೆ ಅನ್ನುವ ಲೆಕ್ಕ ಬಿಟ್ಟುಬಿಡಿ. ಹಗಲಲ್ಲೇ ಹೂವಿಂದ ಹೂವಿಗೆ ಹೋಗುವ ಪತಂಗಗಳು ಈ ಊರಲ್ಲಿ ಸಾಕಷ್ಟಿವೆ. ಭಾರತದಲ್ಲಿ ಚಿಟ್ಟೆ ಜಾತಿಗಳು 1,300ರ ಆಸುಪಾಸು, ಪತಂಗಗಳು 10,000ಕ್ಕೂ ಜಾಸ್ತಿ. ಡ್ರ್ಯಾಗನ್‌ಫ್ಲೈ ಡ್ಯಾಮ್ಸೆಲ್‌ಫ್ಲೈ ಎರಡೂ ಸೇರಿದರೆ 500ರ ಹತ್ತಿರ. ಅಂದರೆ ಡ್ರ್ಯಾಗನ್‌ಫ್ಲೈಯಿಂದ ಶುರು ಮಾಡಿದರೆ ಕಲಿಕೆ ಸುಲಭ. ಪತಂಗಕ್ಕೆ ಕೈ ಹಾಕಿದರೆ ಜೀವನಪೂರ್ತಿ ಸಾಕಾಗುತ್ತದೆ.

ಹೆಜ್ಜೆ 2: ಮನೆ ಹತ್ತಿರದ ಕೊಳಕು ನೀರಿಗೆ ಹೋಗಿ

ಹೌದು, ಕೊಳಕು ನೀರಿಗೇ. ಎಲ್ಲರೂ ನೇರ ಕಾಡಿಗೆ ಹೋಗು ಅನ್ನುತ್ತಾರೆ, ನಾನು ಬೇಡ ಅನ್ನುತ್ತೇನೆ. ಕಾಡಲ್ಲಿ ಒಂದೇ ಸಲಕ್ಕೆ ಇಪ್ಪತ್ತು ಬಗೆ ಕಂಡರೆ ತಲೆ ಕೆಡುತ್ತದೆ. ನಾಲಾದ ಪಕ್ಕ ನಿಂತರೆ ನಾಲ್ಕೈದು ಬಗೆ ಸಿಗುತ್ತವೆ, ಚೆನ್ನಾಗಿ ಮನಸ್ಸಿಗೆ ಕೂರುತ್ತವೆ.

ಅಲ್ಲಿ ಮೊದಲು ಸಿಗುವುದು ಡಿಚ್ ಜ್ಯುವೆಲ್. ಗಂಡಿಗೆ ಕಿತ್ತಳೆ ಮಿಶ್ರಿತ ಕೆಂಪು ಮೈ, ರೆಕ್ಕೆಯಲ್ಲೂ ಅಗಲವಾಗಿ ಕಿತ್ತಳೆ ಬಣ್ಣ ಹರಡಿರುತ್ತದೆ. ಹೆಣ್ಣು ಮಾಸಲು ಹಸಿರು ಹಳದಿ, ರೆಕ್ಕೆಯಲ್ಲಿ ಆ ಕಿತ್ತಳೆ ಇಲ್ಲ. ಬೇರೆ ಜಾತಿಗಳು ತಾಳದ ಕೊಳಕು ನೀರನ್ನೂ ಇದು ತಾಳಿಕೊಳ್ಳುತ್ತದೆ. ಪೊವಾಯಿ ಕೆರೆ ದಂಡೆಯ ಜೊಂಡಿನಲ್ಲಿ, ನಾಲಾ ಬದಿಯ ಗಿಡಗಳಲ್ಲಿ ಗುಂಪು ಗುಂಪಾಗಿ ಕೂತಿರುತ್ತದೆ.

ಕ್ರಿಕೆಟ್ ಮೈದಾನದಲ್ಲಿ, ಸೊಸೈಟಿ ಪಾರ್ಕಿಂಗ್‌ನಲ್ಲಿ ನಿಮ್ಮ ಕಾಲ ಬುಡದಿಂದ ಎದ್ದು ಎರಡು ಮಾರು ದೂರ ಹೋಗಿ ಮತ್ತೆ ನೆಲಕ್ಕೇ ಕೂತರೆ ಅದು ಬಹುತೇಕ ಗ್ರೌಂಡ್ ಸ್ಕಿಮ್ಮರ್. ಬಲಿತ ಗಂಡು ಬೂದಿ ಹಚ್ಚಿದ ನೀಲಿ. ಹೆಣ್ಣು, ಎಳೆ ಗಂಡು ಎರಡೂ ಹಸಿರು ಹಳದಿಗೆ ಕಪ್ಪು ಗುರುತು.

ಕಾಂಪೌಂಡ್ ಗೋಡೆಗೆ ಅಂಟಿಕೊಂಡು ಕೂರುವುದೊಂದಿದೆ, ಗ್ರ್ಯಾನೈಟ್ ಘೋಸ್ಟ್. ಕಪ್ಪು ಬೂದು ಚುಕ್ಕೆಗಳ ಮೈ. ಪಾಚಿ ಹಿಡಿದ ಗೋಡೆ, ಕಲ್ಲುಬಂಡೆ ಮೇಲೆ ಕೂತರೆ ಎದುರಿಗೇ ಇದ್ದರೂ ಕಾಣುವುದಿಲ್ಲ. ಇದರ ಮರಿಗಳು ಸಿಮೆಂಟ್ ತೊಟ್ಟಿಯಲ್ಲಿ, ಬಂಡೆ ಮೇಲಿನ ಮಳೆನೀರ ಗುಂಡಿಯಲ್ಲೂ ಬೆಳೆಯುತ್ತವೆ, ಹಾಗಾಗಿ ಊರೊಳಗೆ ಇದಕ್ಕೆ ಮನೆಗೆ ಬರವಿಲ್ಲ. ತೊಟ್ಟಿಯಲ್ಲಿ ಇವುಗಳ ಮರಿ ಕಂಡರೆ ಹುಳ ಅಂತ ಹೆದರಿ ಬ್ಲೀಚಿಂಗ್ ಪೌಡರ್ ಸುರಿಯಬೇಡಿ. ಕುಡಿಯುವ ನೀರಿನದಾದರೆ ಬೇರೆ ಮಾತು. ಗಿಡಕ್ಕೆ ಹಾಕುವ ನೀರಿನ ತೊಟ್ಟಿಯಾದರೆ ಇರಲಿ ಬಿಡಿ, ಅವು ಸೊಳ್ಳೆ ಮರಿಗಳನ್ನು ತಿನ್ನುತ್ತವೆ.

ಈ ಮರಿಗಳದ್ದು ಬೇರೆಯೇ ಕಥೆ. ಇವುಗಳ ಕೆಳತುಟಿ ಮಡಚಿಕೊಂಡು ಮುಖದ ಕೆಳಗೆ ಇರುತ್ತದೆ, ಬೇಟೆ ಹತ್ತಿರ ಬಂದ ಕೂಡಲೇ ಮುಂದಕ್ಕೆ ಚಾಚಿ ಹಿಡಿದು ಒಳಕ್ಕೆಳೆಯುತ್ತದೆ. ಡ್ರ್ಯಾಗನ್‌ಫ್ಲೈ ಮರಿ ಗುದದೊಳಗೆ ನೀರೆಳೆದುಕೊಂಡು ಅಲ್ಲಿರುವ ಕಿವಿರಿನಿಂದ ಉಸಿರಾಡುತ್ತದೆ. ಅಪಾಯ ಅನ್ನಿಸಿದರೆ ಅದೇ ನೀರನ್ನು ಹಿಂದಕ್ಕೆ ಚಿಮ್ಮಿಸಿ ಮುಂದಕ್ಕೆ ನುಗ್ಗುತ್ತದೆ. ಡ್ಯಾಮ್ಸೆಲ್‌ಫ್ಲೈ ಮರಿಗೆ ಬಾಲದ ತುದಿಯಲ್ಲಿ ಎಲೆಯಾಕಾರದ ಮೂರು ಕಿವಿರು. ಬೆಳೆದ ಮೇಲೆ ಹುಲ್ಲುಕಡ್ಡಿಯನ್ನೋ ಗೋಡೆಯನ್ನೋ ಹತ್ತಿ ಪೊರೆ ಬಿಟ್ಟು ಹೊರಬರುತ್ತವೆ. ನೀರಿನ ಅಂಚಿನಲ್ಲಿ ಬೆನ್ನು ಸೀಳಿದ ಖಾಲಿ ಪೊರೆ ಅಂಟಿಕೊಂಡಿದ್ದರೆ ಆ ಜಾಗದಲ್ಲಿ ಇವು ಹುಟ್ಟಿ ಬೆಳೆಯುತ್ತಿವೆ ಅಂತ ಖಚಿತ. ಹಾರಿ ಬಂದದ್ದನ್ನು ನೋಡುವುದಕ್ಕಿಂತ ಇದು ಗಟ್ಟಿ ಸಾಕ್ಷಿ.

ಹೆಜ್ಜೆ 3: ಹೊತ್ತು ನೋಡಿ ಹೊರಡಿ

ಡ್ರ್ಯಾಗನ್‌ಫ್ಲೈಗೆ ಬಿಸಿಲು ಬೇಕು. ಬೆಳಿಗ್ಗೆ ಆರಕ್ಕೇ ಹೋಗಿ ಕೂತರೆ ಸೊಳ್ಳೆ ಕಚ್ಚಿಸಿಕೊಂಡು ಬರುತ್ತೀರಿ. ಒಂಬತ್ತರಿಂದ ಹನ್ನೆರಡರವರೆಗೆ ಒಳ್ಳೆ ಹೊತ್ತು. ಬಿಸಿಲು ತುಂಬ ಜೋರಾದಾಗ ಕೆಲವು ಬಾಲವನ್ನು ನೆಟ್ಟಗೆ ಸೂರ್ಯನ ಕಡೆಗೆ ಎತ್ತಿ ಕೂರುತ್ತವೆ, ಮೈ ಮೇಲೆ ಬೀಳುವ ಬಿಸಿಲು ಕಡಿಮೆಯಾಗಲಿ ಅಂತ. ಫೋಟೋಗೆ ಬಹಳ ಚೆನ್ನಾಗಿರುತ್ತದೆ.

ಸಂಜೆಗೆ ಕೋರಲ್‌ಟೇಲ್ಡ್ ಕ್ಲೌಡ್‌ವಿಂಗ್ ಅನ್ನುವುದೊಂದಿದೆ. ಹೊತ್ತು ಮುಳುಗುವಾಗ ನೀರಿನ ಮೇಲೆ ಅತ್ತಿಂದಿತ್ತ ಜೋರಾಗಿ ಹಾರುತ್ತದೆ. ಗಂಡಿನ ಹಿಂದಿನ ರೆಕ್ಕೆಯ ಬಿಳಿ ಮಚ್ಚೆ ಮಾತ್ರ ಕತ್ತಲಲ್ಲಿ ಮಿನುಗುತ್ತದೆ. ಇದನ್ನು ನೋಡಲು ನ್ಯಾಷನಲ್ ಪಾರ್ಕ್‌ನಲ್ಲಿ ಕತ್ತಲಾಗುವ ತನಕ ಉಳಿಯಬೇಡಿ. ಅಲ್ಲಿ ಚಿರತೆಗಳಿವೆ. ಪೊವಾಯಿ ಕೆರೆಯ ರಸ್ತೆ ಬದಿ ಸಾಕು.

ತಿಂಗಳ ಲೆಕ್ಕಕ್ಕೆ ಬಂದರೆ, ಜುಲೈಯ ಜಡಿಮಳೆಯಲ್ಲಿ ಹಗಲು ಹೋಗಿ ಏನೂ ಪ್ರಯೋಜನವಿಲ್ಲ. ಸೆಪ್ಟೆಂಬರ್‌ನಿಂದ ನವೆಂಬರ್ ಡ್ರ್ಯಾಗನ್‌ಫ್ಲೈಗೆ ಸುಗ್ಗಿ. ಪತಂಗಕ್ಕೆ ಮೊದಲ ಮಳೆ ಬಿದ್ದ ವಾರದಿಂದ ದಸರಾವರೆಗೂ ಒಳ್ಳೆ ಕಾಲ.

ಆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಮೈದಾನದ ಮೇಲೆ, ಕಟ್ಟಡಗಳ ನಡುವೆ, ಎಲ್ಲೂ ಕೂರದೆ ಗುಂಪಾಗಿ ತೇಲುತ್ತಿರುವ ಹಳದಿ ಕಂದು ಡ್ರ್ಯಾಗನ್‌ಫ್ಲೈಗಳನ್ನು ಕಂಡೇ ಇರುತ್ತೀರಿ. ಅವು ಬಹುಪಾಲು ಗ್ಲೋಬ್ ಸ್ಕಿಮ್ಮರ್, ವೈಜ್ಞಾನಿಕ ಹೆಸರು ಪಂಟಾಲ ಫ್ಲೇವೆಸೆನ್ಸ್. ಮಳೆಗಾಳಿಯ ಜೊತೆ ಬರುತ್ತವೆ, ಮಳೆನೀರಿನ ಹೊಂಡದಲ್ಲಿ ಮೊಟ್ಟೆಯಿಡುತ್ತವೆ, ಮರಿಗಳು ಆರೇಳು ವಾರದಲ್ಲಿ ಹೊಂಡ ಒಣಗುವ ಮುಂಚೆ ಬೆಳೆದುಬಿಡುತ್ತವೆ. ಆಮೇಲೆ? ಮಾಲ್ಡೀವ್ಸ್‌ನಲ್ಲಿ ಸಿಹಿನೀರಿನ ಕೆರೆ ಹೊಳೆ ಇಲ್ಲವೆನ್ನುವಷ್ಟು ಕಡಿಮೆ, ಆದರೂ ಪ್ರತಿ ವರ್ಷ ಅಕ್ಟೋಬರ್ ಹೊತ್ತಿಗೆ ಲಕ್ಷಗಟ್ಟಲೆ ಡ್ರ್ಯಾಗನ್‌ಫ್ಲೈ ಬಂದಿಳಿಯುತ್ತವೆ. ಇವು ಎಲ್ಲಿಂದ ಬಂದವು ಅಂತ ಅಲ್ಲಿದ್ದ ಜೀವಶಾಸ್ತ್ರಜ್ಞ ಚಾರ್ಲ್ಸ್ ಆಂಡರ್ಸನ್ ವರ್ಷಾನುಗಟ್ಟಲೆ ಲೆಕ್ಕ ಇಟ್ಟು, ಭಾರತದಿಂದ ಹಿಂದೂ ಮಹಾಸಾಗರ ದಾಟಿ ಪೂರ್ವ ಆಫ್ರಿಕಾಕ್ಕೆ ಹೋಗುವ ವಲಸೆ ಇದು ಅಂತ 2009ರಲ್ಲಿ ಬರೆದರು. ಹೋಗಿ ಬರುವ ಸುತ್ತು ಒಂದೇ ಕೀಟದ್ದಲ್ಲ, ಹಲವು ತಲೆಮಾರುಗಳು ಸೇರಿ ಮುಗಿಸುತ್ತವೆ. ಒಂದು ಗ್ರಾಂ ಕೂಡ ತೂಗದ ಜೀವ ಅರಬ್ಬೀ ಸಮುದ್ರ ದಾಟುತ್ತದೆ, ನಾವು ವಿರಾರ್ ಲೋಕಲ್‌ನಲ್ಲಿ ದಾದರ್ ತಲುಪುವುದಕ್ಕೇ ಸುಸ್ತಾಗುತ್ತೇವೆ.

ಹೆಜ್ಜೆ 4: ಈಗ ಕಾಡಿಗೆ

ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನ ಸುಮಾರು 104 ಚದರ ಕಿಲೋಮೀಟರ್. ವಿಹಾರ್, ತುಳಸಿ ಎರಡು ಕೆರೆಗಳು ಇದರೊಳಗಿವೆ, ದಹಿಸರ್ ಹೊಳೆ ಹುಟ್ಟುವುದೂ ಇಲ್ಲೇ. ಬೊರಿವಲಿ ಸ್ಟೇಷನ್‌ನ ಈಸ್ಟ್ ಕಡೆ ಇಳಿದರೆ ನಡೆದೇ ಹೋಗಬಹುದು. ಸೋಮವಾರ ರಜೆ, ಇದು ನೆನಪಿರಲಿ. ಗೇಟಿನಿಂದ ಕನ್ಹೇರಿಗೆ ದೂರ ಇದೆ, ಪಾರ್ಕಿನ ಬಸ್ ಹಿಡಿಯಿರಿ. ಸಿಲೋಂಡಾದಂತಹ ಕಾಡುದಾರಿಗಳಿಗೆ ಅರಣ್ಯ ಇಲಾಖೆಯ ಅನುಮತಿ, ಜೊತೆಗೆ ಗೈಡ್ ಬೇಕು. ಸುಮ್ನೆ ನುಗ್ಗಬೇಡಿ.

ನನ್ನ ಮೆಚ್ಚಿನ ಜಾಗ ಎರಡು. ಒಂದು, ಮುಖ್ಯ ರಸ್ತೆಗೆ ಹೊಂದಿಕೊಂಡೇ ಹೊಳೆ ಹರಿಯುವ, ಬಿಸಿಲು ನೆರಳು ಎರಡೂ ಬೀಳುವ ಕಡೆ. ಇನ್ನೊಂದು ಕನ್ಹೇರಿ ಗುಹೆಗಳ ಬಳಿ. ಅಲ್ಲಿ ಭಿಕ್ಷುಗಳು ಬಂಡೆಯಲ್ಲೇ ಕೊರೆಸಿದ ನೀರಿನ ತೊಟ್ಟಿಗಳಿವೆ, ಮಳೆ ನಿಂತ ಮೇಲೂ ನೀರು ಇರುತ್ತದೆ. ಗುಹೆ ನೋಡಲು ಬಂದವರು ಶಿಲ್ಪದ ಮುಂದೆ ಸೆಲ್ಫಿ ತೆಗೆಯುತ್ತಿರುತ್ತಾರೆ, ನೀವು ತೊಟ್ಟಿಯ ಅಂಚು ನೋಡಿ.

ಎಲ್ಲರಿಗೂ ಬೊರಿವಲಿ ಹತ್ತಿರವಲ್ಲ ಅಲ್ವಾ? ಥಾಣೆ, ಮುಲುಂಡ್ ಕಡೆಯವರಿಗೆ ಇದೇ ಕಾಡಿನ ಪೂರ್ವದ ಮಗ್ಗುಲು ಯೇವೂರ್ ಇದೆ. ಸಾಯನ್, ಮಾಟುಂಗ, ಮಾಹಿಮ್ ಕಡೆಯವರಿಗೆ ಮಹಾರಾಷ್ಟ್ರ ನೇಚರ್ ಪಾರ್ಕ್, ಧಾರಾವಿ ಡಿಪೋ ಎದುರಿಗೆ, ಮೀಠಿ ನದಿ ಪಕ್ಕ. 37 ಎಕರೆಯ ಆ ಹಸಿರು ಜಾಗ ಹಿಂದೆ ನಗರದ ಕಸ ಸುರಿಯುವ ಗುಡ್ಡೆಯಾಗಿತ್ತು. ಗೋರೆಗಾಂವ್‌ನಲ್ಲಿ ಫಿಲ್ಮ್ ಸಿಟಿ ಪಕ್ಕ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಶಿಕ್ಷಣ ಕೇಂದ್ರ ಇದೆ. 1883ರಲ್ಲಿ ಶುರುವಾದ ಸಂಸ್ಥೆ ಅದು, ಅಲ್ಲಿನ ನಡಿಗೆಗಳಿಗೆ ಮಕ್ಕಳನ್ನೂ ಕರೆದುಕೊಂಡು ಹೋಗಬಹುದು. ಪನ್ವೇಲ್, ಖಾರ್ಘರ್ ಕಡೆಯವರಿಗೆ ಕರ್ನಾಳ ಪಕ್ಷಿಧಾಮ.

ತೆಗೆದುಕೊಂಡು ಹೋಗಬೇಕಾದ್ದು ಜಾಸ್ತಿ ಇಲ್ಲ. ಮುಚ್ಚಿದ ಬೂಟು, ನೀರು, ಟೋಪಿ, ಮೊಬೈಲ್, ಅದಕ್ಕೊಂದು ಪ್ಲಾಸ್ಟಿಕ್ ಚೀಲ. ಹತ್ತಿರದ್ದನ್ನು ಫೋಕಸ್ ಮಾಡುವ ಬೈನಾಕ್ಯುಲರ್ ಇದ್ದರೆ ಬಹಳ ಒಳ್ಳೆಯದು. ಹಕ್ಕಿ ನೋಡುವ ದೊಡ್ಡ ಬೈನಾಕ್ಯುಲರ್‌ಗಳು ಕೆಲವು ಐದಾರು ಮೀಟರ್‌ಗಿಂತ ಹತ್ತಿರಕ್ಕೆ ಫೋಕಸ್ ಆಗುವುದಿಲ್ಲ, ಕೊಳ್ಳುವ ಮುಂಚೆ ಅಂಗಡಿಯಲ್ಲೇ ನಿಮ್ಮ ಬೂಟು ನೋಡಿ ಪರೀಕ್ಷಿಸಿ. ತಿಂಡಿ ಬ್ಯಾಗಿನೊಳಗೇ ಇರಲಿ. ಕೈಯಲ್ಲಿ ಕವರ್ ಕಂಡರೆ ಕೋತಿಗಳು ಬಿಡುವುದಿಲ್ಲ.

ಹೆಜ್ಜೆ 5: ಹತ್ತಿರ ಹೋಗುವ ಬಗೆ

ಓಡಿಸಿಕೊಂಡು ಹೋಗಬೇಡಿ. ಹೆಚ್ಚಿನ ಡ್ರ್ಯಾಗನ್‌ಫ್ಲೈಗಳು ಒಂದು ಕಡ್ಡಿ ಆರಿಸಿಕೊಂಡು, ಅಲ್ಲಿಂದ ಹಾರಿ ಬೇಟೆಯಾಡಿ ಮತ್ತೆ ಅದೇ ಕಡ್ಡಿಗೆ ಬರುತ್ತವೆ. ಎದ್ದು ಹೋಯಿತಾ? ಆ ಕಡ್ಡಿಯ ಕಡೆ ಎರಡು ಹೆಜ್ಜೆ ಇಡಿ, ಕೂತುಕೊಳ್ಳಿ, ಕಾಯಿರಿ. ವಾಪಸ್ ಬರುತ್ತದೆ. ಮತ್ತೆ ಎದ್ದಾಗ ಇನ್ನೆರಡು ಹೆಜ್ಜೆ. ನಿಮ್ಮ ನೆರಳು ಅದರ ಮೇಲೆ ಬೀಳಬಾರದು, ಕೈ ಮೇಲಕ್ಕೆ ಎತ್ತಬಾರದು. ನಡಿಗೆ ಸದ್ದಿಗಿಂತ ಮೇಲಿಂದ ಆಡುವ ನೆರಳಿಗೆ ಅವು ಜಾಸ್ತಿ ಹೆದರುತ್ತವೆ.

ಫೋಟೋ ಮೂರು ಕಡೆಯಿಂದ ತೆಗೆಯಿರಿ. ಒಂದು ಮೇಲಿಂದ, ಒಂದು ಪಕ್ಕದಿಂದ, ಒಂದು ಬಾಲದ ತುದಿ. ಕಾಲಿನ ಬಣ್ಣ ಕಾಣುವ ಹಾಗಿದ್ದರೆ ಇನ್ನೂ ಒಳ್ಳೆಯದು. ಚಂದದ ಒಂದು ಫೋಟೋಗಿಂತ ಸಾಧಾರಣ ಮೂರು ಫೋಟೋದಲ್ಲಿ ಗುರುತು ಹಿಡಿಯುವುದು ಸುಲಭ.

ಕೆಂಪು ಡ್ರ್ಯಾಗನ್‌ಫ್ಲೈಗಳಲ್ಲಿ ಎಲ್ಲರೂ ಎಡವುತ್ತಾರೆ, ಆದ್ದರಿಂದ ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಪೂರ್ತಿ ರಕ್ತಗೆಂಪು ಮೈ, ಬಾಲದಂತೆ ಕಾಣುವ ಹೊಟ್ಟೆಯ ಮೇಲ್ಬದಿಯಲ್ಲಿ ಉದ್ದಕ್ಕೆ ಸಣ್ಣ ಕಪ್ಪು ಗೆರೆ ಇದ್ದರೆ ರಡ್ಡಿ ಮಾರ್ಶ್ ಸ್ಕಿಮ್ಮರ್. ಗುಲಾಬಿ ನೇರಳೆಗೆ ತಿರುಗಿದ ಕೆಂಪು, ರೆಕ್ಕೆಯ ನರಗಳೂ ಕೆಂಪು, ರೆಕ್ಕೆ ಬುಡದಲ್ಲಿ ಜೇನು ಬಣ್ಣದ ಮಚ್ಚೆ ಇದ್ದರೆ ಕ್ರಿಮ್ಸನ್ ಮಾರ್ಶ್ ಗ್ಲೈಡರ್. ಎದೆ ಭಾಗ ಬೂದು ನೀಲಿ, ಬಾಲ ಮಾತ್ರ ಕೆಂಪಾದರೆ ಕ್ರಿಮ್ಸನ್‌ಟೇಲ್ಡ್ ಮಾರ್ಶ್ ಹಾಕ್. ಈ ಮೂರೂ ಗಂಡುಗಳ ಮಾತು. ಹೆಣ್ಣುಗಳು ಹಳದಿ, ಕಂದು ಬಣ್ಣದವು, ಅವುಗಳ ತಂಟೆಗೆ ಮೊದಲ ವರ್ಷ ಹೋಗಬೇಡಿ.

ಉಳಿದವುಗಳಲ್ಲಿ ಗ್ರೀನ್ ಮಾರ್ಶ್ ಹಾಕ್ ಎಲ್ಲಾ ಕಡೆ ಸಿಗುತ್ತದೆ. ಹಸಿರು ಹಳದಿ ಮೈಗೆ ಕಪ್ಪು ಪಟ್ಟಿ, ಹೊಟ್ಟೆ ಬುಡದಲ್ಲಿ ಉಬ್ಬಿ ನಡುವೆ ಸಪೂರವಾಗಿ ತುದಿಯಲ್ಲಿ ಮತ್ತೆ ಅಗಲ. ಇದು ಮಹಾ ಜಗಳಗಂಟ, ತನ್ನಷ್ಟೇ ದೊಡ್ಡ ಬೇರೆ ಡ್ರ್ಯಾಗನ್‌ಫ್ಲೈಯನ್ನೂ ಹಿಡಿದು ತಿನ್ನುತ್ತದೆ. ಹಳದಿ ರೆಕ್ಕೆಗೆ ಕಪ್ಪು ಕಂದು ಚಿತ್ತಾರ ಇದ್ದು ಚಿಟ್ಟೆ ತರಹ ಅಲುಗಾಡಿಕೊಂಡು ಹಾರಿದರೆ ಕಾಮನ್ ಪಿಕ್ಚರ್‌ವಿಂಗ್, ಮೊದಲ ಸಲ ನೋಡಿದ ಹೆಚ್ಚಿನವರು ಇದನ್ನು ಚಿಟ್ಟೆ ಅಂತಲೇ ವಾದ ಮಾಡುತ್ತಾರೆ.

ಡ್ಯಾಮ್ಸೆಲ್‌ಫ್ಲೈಗೆ ಮೊಣಕಾಲೂರಿ ಹುಲ್ಲಿನ ಮಟ್ಟಕ್ಕೆ ಕಣ್ಣು ತನ್ನಿ. ಹಳದಿ ಬಾಲದ ಕೋರಮಂಡಲ್ ಮಾರ್ಶ್ ಡಾರ್ಟ್ ಕೆರೆ ಬದಿಯಲ್ಲಿ, ಹಳದಿ ಕಾಲಿನ ಯೆಲ್ಲೋ ಬುಷ್ ಡಾರ್ಟ್ ಮರದ ನೆರಳಲ್ಲಿ. ಪಿಗ್ಮಿ ಡಾರ್ಟ್‌ಲೆಟ್ ಹುಲ್ಲಿನೊಳಗೇ ಇರುತ್ತದೆ, ಉದ್ದ ಎರಡು ಸೆಂಟಿಮೀಟರ್ ಆಸುಪಾಸು ಅಷ್ಟೇ, ನಿಂತುಕೊಂಡು ನೋಡಿದರೆ ಖಂಡಿತ ಸಿಗುವುದಿಲ್ಲ. ಎರಡು ಕೀಟ ಸೇರಿ ಹೃದಯದ ಆಕಾರ ಮಾಡಿಕೊಂಡು ಕೂತಿದ್ದರೆ ಅದು ಕೂಡುವಿಕೆ. ಆಗ ಫ್ಲ್ಯಾಶ್ ಹಾಕಿ ಕಾಟ ಕೊಡಬೇಡಿ. ಕಾದರೆ ಹೆಣ್ಣು ಮೊಟ್ಟೆ ಇಡುವುದನ್ನೂ ನೋಡಬಹುದು. ಕೆಲವು ಜಾತಿಗಳಲ್ಲಿ ಮೊಟ್ಟೆಯಿಟ್ಟು ಮುಗಿಯುವ ತನಕ ಗಂಡು ಹೆಣ್ಣಿನ ಕುತ್ತಿಗೆ ಹಿಡಿದುಕೊಂಡೇ ಇರುತ್ತದೆ, ಬೇರೆ ಗಂಡು ಬಂದು ಸೇರಬಾರದು ಅಂತ.

ಹೆಜ್ಜೆ 6: ಪತಂಗಕ್ಕೆ ಮೊದಲು ಗೋಡೆ ನೋಡಿ

ಪತಂಗಕ್ಕೆ ರಾತ್ರಿ ಎಚ್ಚರ ಇರಬೇಕು ಅಂತ ಯಾರು ಹೇಳಿದರು? ಬೆಳಿಗ್ಗೆ ಹಾಲು ತರಲು ಇಳಿಯುವಾಗ ಮೆಟ್ಟಿಲ ಟ್ಯೂಬ್‌ಲೈಟ್ ಸುತ್ತಲಿನ ಗೋಡೆ, ವಾಚ್‌ಮನ್ ಕ್ಯಾಬಿನ್ ಹಿಂದೆ, ಸ್ಟೇಷನ್ ಫುಟ್‌ಬ್ರಿಡ್ಜ್ ಕಂಬ, ಇಷ್ಟು ನೋಡಿದರೆ ಸಾಕು. ರಾತ್ರಿ ಲೈಟಿಗೆ ಬಂದವು ಹಾಗೇ ಮಲಗಿರುತ್ತವೆ. ಗುಡಿಸುವವರು ಬರುವ ಮುಂಚೆ ಹೋಗಬೇಕು ಅಷ್ಟೇ. ಕಾಡಿನಂಚಿನ ಕಟ್ಟಡಗಳವರಿಗೆ ಲಾಟರಿ ಹೊಡೆದ ಹಾಗೆ, ಮಳೆಗಾಲದಲ್ಲಿ ಔಲ್ ಮಾತ್ (ಮಾತ್ ಅಂದರೆ ಪತಂಗ) ಅನ್ನುವ ದೊಡ್ಡ ಕಂದು ಪತಂಗ, ರೆಕ್ಕೆಯಲ್ಲಿ ಗೂಬೆಗಣ್ಣು ಬಿಡಿಸಿಕೊಂಡು, ನೇರ ಬಾತ್‌ರೂಮಿಗೇ ಬರುತ್ತದೆ.

ಮನೆಯೊಳಗೇ ಒಂದು ಪತಂಗ ಇದೆ, ನೀವದನ್ನು ದಿನಾ ಗುಡಿಸಿ ಹಾಕುತ್ತೀರಿ. ಫ್ಯಾನಿನ ಕೆಳಗಿನ ಗೋಡೆ, ಕಪಾಟಿನ ಮೂಲೆಯಲ್ಲಿ ಸೌತೆಬೀಜದ ಹಾಗೆ ಚಪ್ಪಟೆಯಾದ ಬೂದು ಬಣ್ಣದ ಚೀಲವೊಂದು ನೇತಾಡುತ್ತಿರುತ್ತದೆ, ಒಮ್ಮೊಮ್ಮೆ ತಾನೇ ನಡೆಯುತ್ತದೆ. ಅದರೊಳಗಿರುವುದು ಪತಂಗದ ಮರಿಹುಳ. ರೇಷ್ಮೆ ನೂಲಿಗೆ ಮರಳು, ಧೂಳು ಅಂಟಿಸಿ ಮನೆ ಮಾಡಿಕೊಂಡಿದೆ. ಎರಡೂ ತುದಿ ತೆರೆದಿರುವುದರಿಂದ ಯಾವ ಕಡೆಯಿಂದ ಬೇಕಾದರೂ ತಲೆ ಹೊರಗೆ ಹಾಕುತ್ತದೆ. ಹಳೆ ಜೇಡರ ಬಲೆ, ಕೂದಲು, ಉಣ್ಣೆ ಬಟ್ಟೆ ಇದರ ಊಟ. ಮುಂಬೈಯ ತೇವ ಇದಕ್ಕೆ ಹೇಳಿ ಮಾಡಿಸಿದ್ದು. ಒಂದನ್ನು ಗಾಜಿನ ಬಾಟಲಿಯಲ್ಲಿ ಇಟ್ಟು ಬಾಯಿಗೆ ಬಟ್ಟೆ ಕಟ್ಟಿ ಮಕ್ಕಳಿಗೆ ತೋರಿಸಿ, ಕೆಲವು ವಾರದಲ್ಲಿ ಸಣ್ಣ ಬೂದು ಪತಂಗ ಹೊರಬರುತ್ತದೆ.

ಸೊಸೈಟಿ ತೋಟದಲ್ಲಿ ನಂದಿಬಟ್ಟಲು ಅಥವಾ ಕಣಗಿಲೆ ಇದೆಯಾ? ಎಲೆಗಳು ಅರ್ಧಂಬರ್ಧ ಮಾಯವಾಗಿದ್ದರೆ, ಕೆಳಗೆ ನೆಲದಲ್ಲಿ ಕಪ್ಪು ಹಿಕ್ಕೆ ಬಿದ್ದಿದ್ದರೆ, ಕೊಂಬೆಯ ಅಡಿಭಾಗ ನೋಡಿ. ದಪ್ಪ ಹಸಿರು ಹುಳ, ತಲೆ ಹತ್ತಿರ ನೀಲಿ ಬಿಳಿ ಕಣ್ಣಿನ ಗುರುತು, ಬಾಲದಲ್ಲಿ ಸಣ್ಣ ಕೊಂಬು. ಓಲಿಯಾಂಡರ್ ಹಾಕ್‌ಮಾತ್. ಆ ಕೊಂಬು ಕುಟುಕುವುದಿಲ್ಲ, ಸುಮ್ನೆ ಹೆದರಿಸಲು. ಮಾಲಿ ಔಷಧ ಹೊಡೆಯುವ ಮುಂಚೆ ಒಂದು ಮಾತು ಹೇಳಿ ತಡೆಯಿರಿ. ಪೂರ್ತಿ ಬೋಳಾದರೂ ನಂದಿಬಟ್ಟಲು ಮತ್ತೆ ಚಿಗುರುತ್ತದೆ. ಹುಳ ಮಾತ್ರ ಕೋಶಕ್ಕೆ ಹೋಗುವ ಮುಂಚೆ ಕಂದು ಬಣ್ಣಕ್ಕೆ ತಿರುಗಿ ಗಿಡದಿಂದಿಳಿದು ತರಗೆಲೆ ಸೇರುತ್ತದೆ, ಅಲ್ಲಿಂದ ಹೊರಬರುವ ಪತಂಗ ಹಸಿರು, ಗುಲಾಬಿ, ಬಿಳಿ ಸೇರಿದ ಅದ್ಭುತ ಬಣ್ಣದ್ದು. ಮೈ ತುಂಬ ರೋಮ ಇರುವ ಕಂಬಳಿಹುಳದ ವಿಷಯ ಬೇರೆ. ಅದನ್ನು ಯಾವತ್ತೂ ಕೈಯಲ್ಲಿ ಮುಟ್ಟಬೇಡಿ.

ಕಾಡಲ್ಲಿ ಮಳೆ ಮುಗಿಯುವಾಗ ತೇಗದ ಎಲೆಗಳು ಬರೀ ನರಗಳ ಜಾಲರಿಯಾಗಿ ಉಳಿದಿರುವುದನ್ನು ನೋಡಿ ಮರಕ್ಕೆ ರೋಗ ಬಂತು ಅಂದುಕೊಳ್ಳುತ್ತಾರೆ. ಅದೂ ಒಂದು ಸಣ್ಣ ಪತಂಗದ ಮರಿಗಳ ಕೆಲಸ.

ಹೆಜ್ಜೆ 7: ಟೆರೇಸ್ ಮೇಲೆ ಬಿಳಿ ಬೆಡ್‌ಶೀಟ್

ಇದು ನಿಜವಾದ ಹಬ್ಬ. ಆದರೆ ರಾಷ್ಟ್ರೀಯ ಉದ್ಯಾನದೊಳಗೆ ಅನುಮತಿ ಇಲ್ಲದೆ ಮಾಡುವ ಹಾಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅಲ್ಲಿನ ಹುಳಹುಪ್ಪಟೆಗೂ ಅನ್ವಯಿಸುತ್ತದೆ, ಒಂದು ಸತ್ತ ಪತಂಗವನ್ನೂ ತರಬೇಡಿ. ನಿಮ್ಮ ಟೆರೇಸ್, ಊರಿನ ಮನೆಯ ಅಂಗಳ, ಇವು ಸಾಕು.

ಹಳೆ ಬಿಳಿ ಬೆಡ್‌ಶೀಟನ್ನು ಬಟ್ಟೆ ಒಣಗಿಸುವ ತಂತಿಗೆ ಕಟ್ಟಿ, ಕೆಳ ತುದಿ ನೆಲದ ಮೇಲೂ ಸ್ವಲ್ಪ ಹರಡಲಿ. ಎದುರಿಗೆ ಒಂದು ಬಲ್ಬು. ಹಳದಿ ಎಲ್‌ಇಡಿಗೆ ಅಷ್ಟಾಗಿ ಬರುವುದಿಲ್ಲ. ಬಿಳಿ ಸಿಎಫ್ಎಲ್ ಪರವಾಗಿಲ್ಲ, ಯುವಿ (ಅತಿನೇರಳೆ) ಟ್ಯೂಬ್ ಇದ್ದರೆ ಬಹಳ ಒಳ್ಳೆಯದು, ಆದರೆ ಅದನ್ನು ನೇರವಾಗಿ ನೋಡಬೇಡಿ, ಮಕ್ಕಳನ್ನು ದೂರ ಇಡಿ. ಅಮಾವಾಸ್ಯೆ ಆಸುಪಾಸಿನ, ಗಾಳಿ ಇಲ್ಲದ, ಮಳೆ ಬಿಟ್ಟು ಸೆಕೆ ಹತ್ತಿದ ರಾತ್ರಿ ಆರಿಸಿಕೊಳ್ಳಿ. ಎಂಟರಿಂದ ಹನ್ನೊಂದರವರೆಗೆ ಕೂತರೆ ಸಾಕಷ್ಟು ಸಿಗುತ್ತವೆ. ಮಳೆನೀರು ವೈರಿಗೆ ತಾಗದ ಹಾಗೆ ನೋಡಿಕೊಳ್ಳಿ. ಸೊಸೈಟಿ ಸೆಕ್ರೆಟರಿಗೆ ಮೊದಲೇ ಹೇಳಿ, ಇಲ್ಲದಿದ್ದರೆ ಟೆರೇಸ್ ಮೇಲೆ ರಾತ್ರಿ ನೀಲಿ ದೀಪ ಯಾಕೆ ಅಂತ ಪಂಚಾಯಿತಿ ಸೇರುತ್ತದೆ.

ಬೆಳಕಿಗೆ ಯಾಕೆ ಬರುತ್ತವೆ ಅಂತ ಪಕ್ಕದ ಮನೆಯವರು ಕೇಳೇ ಕೇಳುತ್ತಾರೆ. ದೀಪಕ್ಕೆ ಮನಸೋತು ಬರುತ್ತವೆ ಅನ್ನುವುದು ಕವಿಗಳ ಮಾತು. 2024ರಲ್ಲಿ ಹೈಸ್ಪೀಡ್ ಕ್ಯಾಮೆರಾಗಳಿಂದ ಚಿತ್ರಿಸಿ ನೋಡಿದ ವಿಜ್ಞಾನಿಗಳು ಹೇಳಿದ್ದೇ ಬೇರೆ. ಹಾರುವ ಕೀಟಗಳು ಬೆಳಕಿನ ಕಡೆಗೆ ಬೆನ್ನು ತಿರುಗಿಸುತ್ತವೆ. ಬೆಳಕು ಆಕಾಶದಿಂದಲೇ ಬರುತ್ತಿದ್ದ ಕಾಲದಲ್ಲಿ ಮೇಲು ಯಾವುದು ಕೆಳಗೆ ಯಾವುದು ಅಂತ ತಿಳಿಯಲು ಇದು ಸುಲಭದ ದಾರಿ. ಪಕ್ಕದಲ್ಲಿ ಬಲ್ಬು ಉರಿದರೆ ಅದಕ್ಕೇ ಬೆನ್ನು ಮಾಡಿ ಮಾಡಿ ಅದರ ಸುತ್ತಲೇ ಸಿಕ್ಕಿಹಾಕಿಕೊಳ್ಳುತ್ತವೆ.

ಲೈಟಿಗೆ ಬಾರದವಕ್ಕೆ ಊಟ ಹಾಕಿ. ಕಪ್ಪಾಗುವಷ್ಟು ಕಳಿತ ಬಾಳೆಹಣ್ಣು, ಬೆಲ್ಲ, ಸ್ವಲ್ಪ ಬಿಯರ್ ಸೇರಿಸಿ ಕಿವುಚಿ ಒಂದು ದಿನ ಹುಳಿ ಬರಿಸಿ, ಸಂಜೆ ಮರದ ಕಾಂಡಕ್ಕೆ ಎದೆಮಟ್ಟದಲ್ಲಿ ಬಳಿಯಿರಿ. ಕತ್ತಲಾದ ಮೇಲೆ ಟಾರ್ಚ್‌ಗೆ ಕೆಂಪು ಕಾಗದ ಸುತ್ತಿ ನೋಡಿ. ಹಣ್ಣು ಚುಚ್ಚಿ ಹೀರುವ ಪತಂಗಗಳು ಬರಬಹುದು. ಇರುವೆ ಬರುವುದಂತೂ ಗ್ಯಾರಂಟಿ.

ಎಲ್ಲರೂ ಕಾಯುವುದು ಅಟ್ಲಾಸ್ ಮಾತ್, ಮೂನ್ ಮಾತ್ ಎರಡಕ್ಕೆ. ಅಟ್ಲಾಸ್ ರೆಕ್ಕೆ ಹರಡಿದರೆ ಒಂದಡಿಗೆ ಸ್ವಲ್ಪ ಕಮ್ಮಿ. ಮೂನ್ ಮಾತ್ ತಿಳಿ ಹಸಿರು, ಹಿಂದಿನ ರೆಕ್ಕೆಗೆ ಉದ್ದ ಬಾಲ. ಅಮೆರಿಕದ ಇದೇ ಬಳಗದ ಪತಂಗಗಳಲ್ಲಿ ಪರೀಕ್ಷಿಸಿದಾಗ, ತಿರುಗುವ ಆ ಬಾಲ ಬಾವಲಿಯ ದಿಕ್ಕು ತಪ್ಪಿಸುತ್ತದೆ, ಬಾವಲಿ ಮೈ ಬಿಟ್ಟು ಬಾಲ ಕಚ್ಚುತ್ತದೆ ಅಂತ ಗೊತ್ತಾಗಿದೆ. ಎರಡಕ್ಕೂ ಉಣ್ಣುವ ಬಾಯಿ ಇಲ್ಲ. ಹುಳವಾಗಿದ್ದಾಗ ತಿಂದದ್ದರ ಮೇಲೇ ಒಂದೆರಡು ವಾರ ಬದುಕಿ, ಸಂಗಾತಿ ಹುಡುಕಿ ಮುಗಿಸುತ್ತವೆ. ಆದ್ದರಿಂದ ಬಂದರೆ ಬೇಗ ಫೋಟೋ ತೆಗೆದು ಲೈಟ್ ಆರಿಸಿ, ಅದರ ರಾತ್ರಿ ಹಾಳು ಮಾಡಬೇಡಿ. ಬೆಡ್‌ಶೀಟಿನ ಮೇಲೆ ಬೆಳಗಿನವರೆಗೂ ಏನನ್ನೂ ಉಳಿಸಬೇಡಿ. ಕೊಡವಿ ಪೊದೆಗೆ ಬಿಡಿ. ಇಲ್ಲದಿದ್ದರೆ ಮಡಿವಾಳ ಹಕ್ಕಿ, ಮೈನಾ, ಕಾಜಾಣಗಳಿಗೆ ಬೆಳಗಿನ ತಿಂಡಿ ಬಡಿಸಿದ ಹಾಗಾಗುತ್ತದೆ.

ಹೆಜ್ಜೆ 8: ಬರೆದಿಡಿ

ತಾರೀಖು, ಹೊತ್ತು, ಜಾಗ, ಯಾವ ಗಿಡದ ಮೇಲೆ, ಬಿಸಿಲೋ ಮೋಡವೋ. ಕನ್ನಡದಲ್ಲೇ ಬರೆಯಿರಿ, ಚಿಕ್ಕ ನೋಟ್‌ಬುಕ್ ಸಾಕು. ಫೋಟೋಗಳನ್ನು ಐನ್ಯಾಚುರಲಿಸ್ಟ್ ಅನ್ನುವ ಆ್ಯಪ್‌ಗೆ ಹಾಕಿದರೆ ಬಲ್ಲವರು ನೋಡಿ ಹೆಸರು ಹೇಳುತ್ತಾರೆ. ಆ್ಯಪ್ ತಾನಾಗಿ ಕೊಡುವ ಹೆಸರನ್ನು ಹಾಗೇ ನಂಬಬೇಡಿ, ಪತಂಗಗಳಲ್ಲಂತೂ ಅದು ಆಗಾಗ ಬೇರೆ ಖಂಡದ ಜಾತಿ ತೋರಿಸುತ್ತದೆ. ಪತಂಗಕ್ಕೆ ಮಾತ್ಸ್ ಆಫ್ ಇಂಡಿಯಾ, ಡ್ರ್ಯಾಗನ್‌ಫ್ಲೈ ಡ್ಯಾಮ್ಸೆಲ್‌ಫ್ಲೈಗೆ ಒಡೊನೇಟಾ ಆಫ್ ಇಂಡಿಯಾ ಜಾಲತಾಣಗಳಲ್ಲಿ ಚಿತ್ರ ಹೋಲಿಸಿ ನೋಡಿ. ಜುಲೈ ಕೊನೆಯಲ್ಲಿ ನ್ಯಾಷನಲ್ ಮಾತ್ ವೀಕ್ ಬರುತ್ತದೆ, 2012ರಿಂದ ನಡೆಯುತ್ತಿದೆ, ಹೆಸರಿಗೆ ನ್ಯಾಷನಲ್ ಆದರೂ ಈಗ ಹಲವು ದೇಶಗಳವರು ಸೇರುತ್ತಾರೆ. ಆ ವಾರ ಮುಂಬೈಯಲ್ಲಿ ಮಳೆ ಬಿಡುವುದು ಅನುಮಾನ. ಬಾಲ್ಕನಿ ಲೈಟ್ ಹಾಕಿ ಗೋಡೆಯ ಫೋಟೋ ತೆಗೆದು ಕಳಿಸಿದರೂ ಲೆಕ್ಕಕ್ಕೆ ಬರುತ್ತದೆ. ಜಾತಿ ಗೊತ್ತಾಗದಿದ್ದರೆ ಹಾಕ್‌ಮಾತ್ ಅಂತಲೋ ಬರೀ ಪತಂಗ ಅಂತಲೋ ಬರೆದು ಬಿಟ್ಟುಬಿಡಿ. ಸರಿಯಾದ ತಾರೀಖು, ಜಾಗ ಇದ್ದರೆ ಹೆಸರನ್ನು ಮುಂದಿನ ವರ್ಷವೂ ಸೇರಿಸಬಹುದು.